ಎಡತೋಳು ಇವತ್ತಿನದು, ಬಲತೋಳು ಯುದ್ಧದ್ದು: ಅಮೆರಿಕದ ಸೇನಾ ಪ್ಯಾಚುಗಳ ಲೆಕ್ಕಾಚಾರ

ಅಮೆರಿಕದ ಭೂಸೈನಿಕರ ತೋಳುಗಳ ಮೇಲೆ ಹೆಗಲಿಗೆ ಹತ್ತಿರವಾಗಿ ಎರಡು ಬಟ್ಟೆಯ ಪ್ಯಾಚುಗಳಿರುವುದನ್ನು ಫೋಟೊಗಳಲ್ಲಿ ನೋಡಿರುತ್ತೀರಿ. ನೋಡಲು ಒಂದೇ ಜಾತಿಯವು, ಹೇಳುವ ವಿಷಯ ಮಾತ್ರ ಬೇರೆ ಬೇರೆ. ಎಡತೋಳಿನದು ಆ ಸೈನಿಕ ಸದ್ಯ ಯಾವ ಡಿವಿಷನ್ ಅಥವಾ ಬ್ರಿಗೇಡಿನಲ್ಲಿದ್ದಾನೆ ಎಂದು ತಿಳಿಸುತ್ತದೆ. ಬಲತೋಳಿನದು ಹಿಂದೆ ಯಾವ ಪಡೆಯ ಜೊತೆ ಯುದ್ಧಭೂಮಿಗೆ ಹೋಗಿ ಬಂದ ಎಂದು ತಿಳಿಸುತ್ತದೆ. ವರ್ಗವಾದಾಗಲೆಲ್ಲ ಎಡದ್ದು ಬದಲಾಗುತ್ತದೆ. ಬಲದ್ದು ಒಮ್ಮೆ ಸಿಕ್ಕಿತೆಂದರೆ ಸೇವೆ ಮುಗಿಯುವವರೆಗೂ ಅವನದೇ.

ಎಡತೋಳಿನ ಪ್ಯಾಚಿನ ಬಗ್ಗೆ ಜಗಳ ಕಡಿಮೆ. ನೇಮಕದ ಆದೇಶ ನೋಡಿದರೆ ಉತ್ತರ ಸಿಕ್ಕಿಬಿಡುತ್ತದೆ. ತಕರಾರೆಲ್ಲ ಬಲತೋಳಿನದು. ಕೆದಕಿ ನೋಡಿದರೆ ಆ ತಕರಾರುಗಳೂ ಎರಡೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಯುದ್ಧ ಎಂದು ಯಾವುದನ್ನು ಕರೆಯಬೇಕು? ‘ಜೊತೆಗೆ ಹೋದ’ ಎಂದರೆ ಯಾರ ಜೊತೆಗೆ?

ಯಾವುದು ಎಲ್ಲಿ ಕೂರಬೇಕು

ಈ ಪ್ಯಾಚಿಗೆ ಕಡತದಲ್ಲಿರುವ ಹೆಸರು ಶೋಲ್ಡರ್ ಸ್ಲೀವ್ ಇನ್‌ಸಿಗ್ನಿಯಾ, ಚಿಕ್ಕದಾಗಿ ಎಸ್‌ಎಸ್‌ಐ. ಬಲತೋಳಿನದಕ್ಕೆ ಬಹುಕಾಲ ‘ಹಿಂದಿನ ಯುದ್ಧಕಾಲದ ಸೇವೆ’ಯ ಎಸ್‌ಎಸ್‌ಐ ಎಂಬ ಹೆಸರಿತ್ತು, ಈಚಿನ ನಿಯಮಾವಳಿ ಅದನ್ನು ‘ಪ್ರತಿಕೂಲ ಪರಿಸ್ಥಿತಿಯ ಸೇನಾ ಕಾರ್ಯಾಚರಣೆ’ಯ ಪ್ಯಾಚ್ ಎನ್ನುತ್ತದೆ. ಸೈನಿಕರ ಬಾಯಲ್ಲಿ ಅದು ಎಂದಿಗೂ ಕಾಂಬ್ಯಾಟ್ ಪ್ಯಾಚ್. ಅದಿಲ್ಲದವನಿಗೆ ‘ಸ್ಲಿಕ್ ಸ್ಲೀವ್’ ಎಂಬ ಅಡ್ಡಹೆಸರು, ಅಂದರೆ ಬೋಳು ತೋಳಿನವ. ಆ ಕುಹಕದಿಂದಲೇ ಅರ್ಧ ಜಗಳ ಹುಟ್ಟುತ್ತದೆ.

ಎಸ್‌ಎಸ್‌ಐ ಎಲ್ಲ ತುಕಡಿಗೂ ಸಿಗುವುದಿಲ್ಲ. ಸೇನೆಯ ಹಂತಗಳು ಕೆಳಗಿನಿಂದ ಮೇಲಕ್ಕೆ ಕಂಪನಿ, ಬೆಟಾಲಿಯನ್, ಬ್ರಿಗೇಡ್, ಡಿವಿಷನ್, ಕೋರ್ ಎಂದು ಏರುತ್ತವೆ. ಸಾಮಾನ್ಯವಾಗಿ ಸ್ವತಂತ್ರ ಬ್ರಿಗೇಡ್, ಡಿವಿಷನ್, ಕೋರ್ ಮತ್ತು ಅದರ ಮೇಲಿನ ಕಮಾಂಡುಗಳಿಗೆ ಮಾತ್ರ. ಡಿವಿಷನ್ನಿನ ಕೆಳಗಿರುವ ಬೆಟಾಲಿಯನ್ ತನ್ನ ಡಿವಿಷನ್ನಿನ ಪ್ಯಾಚನ್ನೇ ಹಾಕಿಕೊಳ್ಳುತ್ತದೆ. 75ನೇ ರೇಂಜರ್ ರೆಜಿಮೆಂಟ್ ಎಂಬ ವಿಶೇಷ ದಾಳಿಪಡೆ ಇದಕ್ಕೆ ಅಪವಾದ; ಅದರ ಬೆಟಾಲಿಯನ್ನುಗಳಿಗೆ ತಮ್ಮದೇ ಸುರುಳಿಪಟ್ಟಿಯಾಕಾರದ ಪ್ಯಾಚುಗಳಿವೆ. ಈ ‘ಯಾರಿಗಿದೆ, ಯಾರಿಗಿಲ್ಲ’ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಳತೆಗಳನ್ನು ಎಆರ್ 670-1 ಎಂಬ ಸಮವಸ್ತ್ರ ನಿಯಮಾವಳಿಯೂ ಅದರ ಜೊತೆಗಿರುವ ಡಿಎ ಪ್ಯಾಂಫ್ಲೆಟ್ 670-1 ಎಂಬ ಕೈಪಿಡಿಯೂ ಹೇಳುತ್ತವೆ. ವಿಧ್ಯುಕ್ತ ಕೋಟಿನ ಮೇಲೆ ಹೆಗಲಿನ ಹೊಲಿಗೆಯಿಂದ ಅರ್ಧ ಇಂಚು ಕೆಳಗೆ, ತೋಳಿನ ಹೊರಮೈಯ ನಡುಮಧ್ಯಕ್ಕೆ ಪ್ಯಾಚ್ ಬರಬೇಕು. ರೇಂಜರ್, ಸ್ಪೆಷಲ್ ಫೋರ್ಸಸ್, ಸ್ಯಾಪರ್ ಮುಂತಾದ ಕೌಶಲ್ಯದ ಟ್ಯಾಬ್, ಅಂದರೆ ಅಕ್ಷರವಿರುವ ಕಿರುಪಟ್ಟಿ, ಇದ್ದರೆ ಆ ಅರ್ಧ ಇಂಚಿನ ಜಾಗ ಟ್ಯಾಬಿಗೆ ಹೋಗುತ್ತದೆ. ಪ್ಯಾಚ್ ಅದರ ಕೆಳಗೆ ಕಾಲು ಇಂಚು ಬಿಟ್ಟು ಇಳಿಯುತ್ತದೆ. ಹೊಸದಾಗಿ ಟ್ಯಾಬ್ ಗಳಿಸಿದವರು ಇಲ್ಲಿ ಎಡವುತ್ತಾರೆ. ಮೊದಲೇ ಹೊಲಿದ ಪ್ಯಾಚನ್ನು ಹಾಗೇ ಬಿಟ್ಟು ಮೇಲಿನ ಅರ್ಧ ಇಂಚಿನೊಳಗೆ ಟ್ಯಾಬ್ ತುರುಕಿದರೆ ಅದು ಹೊಲಿಗೆಯ ಮೇಲೆ ಏರಿ ಸುಕ್ಕುಗಟ್ಟುತ್ತದೆ, ಸ್ಕೇಲು ಹಿಡಿದು ಬಂದ ತಪಾಸಣೆಯವರ ಕಣ್ಣಿಗೆ ಬೀಳುತ್ತದೆ. ಪ್ಯಾಚ್ ಬಿಚ್ಚಿ ಕೆಳಗಿಳಿಸಿ ಹೊಲಿಯುವುದೊಂದೇ ದಾರಿ.

ದಿನನಿತ್ಯದ ಕಾಂಬ್ಯಾಟ್ ಸಮವಸ್ತ್ರದಲ್ಲಿ ಈ ಅಳತೆಯ ರಗಳೆ ಇಲ್ಲ. ತೋಳಿನ ಜೇಬಿನ ಮೇಲೆ ವೆಲ್ಕ್ರೊ ಇರುತ್ತದೆ, ಪ್ಯಾಚನ್ನು ಅದರ ಮೇಲೆ ಅಂಟಿಸಿದರಾಯಿತು. ಬಲತೋಳಿನಲ್ಲಿ ಮೇಲೆ ರಾಷ್ಟ್ರಧ್ವಜ, ಅದರ ಕೆಳಗೆ ಕಾಂಬ್ಯಾಟ್ ಪ್ಯಾಚ್. ಆ ಧ್ವಜ ತಿರುಗುಮುರುಗಾಗಿ ಕಾಣುತ್ತದೆ, ನಕ್ಷತ್ರಗಳ ನೀಲಿ ಚೌಕ ಬಲಮೂಲೆಯಲ್ಲಿರುತ್ತದೆ. ಮುದ್ರಣದ ತಪ್ಪಲ್ಲ. ಸೈನಿಕ ಮುಂದೆ ನಡೆಯುವಾಗ ಧ್ವಜಸ್ತಂಭ ಮುಂದಿದ್ದು ಬಟ್ಟೆ ಹಿಂದಕ್ಕೆ ಹಾರುವಂತೆ ಕಾಣಬೇಕು ಎಂಬ ಉದ್ದೇಶದಿಂದ ಮಾಡಿದ್ದು.

ಯುದ್ಧಕ್ಕೆ ಹೋದ ಪಡೆಯಲ್ಲೇ ಇನ್ನೂ ಇರುವವನ ಎರಡೂ ತೋಳಿನಲ್ಲಿ ಒಂದೇ ಪ್ಯಾಚ್ ಇರುತ್ತದೆ. ಹಲವು ಪಡೆಗಳ ಜೊತೆ ಹಲವು ಬಾರಿ ಹೋಗಿ ಬಂದವನ ಬಳಿ ನಾಲ್ಕೈದು ಪ್ಯಾಚುಗಳ ಹಕ್ಕಿರಬಹುದು. ಒಂದು ಸಲಕ್ಕೆ ಒಂದನ್ನೇ ಹಾಕಬೇಕು, ಯಾವುದೆಂಬುದು ಅವನ ಆಯ್ಕೆ. ಯಾವುದನ್ನೂ ಹಾಕದಿರುವುದೂ ಅವನಿಷ್ಟ. ಇದಕ್ಕಾಗಿಯೇ ಬೋಳು ತೋಳು ನೋಡಿ ಇವನು ಯುದ್ಧ ಕಾಣದವನು ಎಂದು ತೀರ್ಮಾನಿಸುವುದು ತಪ್ಪು.

ಒಂದು ಕಾಡುಬೆಕ್ಕಿನಿಂದ ಶುರು

1918ರ ಆಗಸ್ಟಿನಲ್ಲಿ 81ನೇ ಡಿವಿಷನ್ ಫ್ರಾನ್ಸಿಗೆ ಹೊರಟಿತು. ಸೌತ್ ಕೆರೊಲಿನಾದ ಕ್ಯಾಂಪ್ ಜಾಕ್ಸನ್ನಿನಲ್ಲಿ ತರಬೇತಾದ ಪಡೆ ಅದು. ಪಕ್ಕದಲ್ಲಿ ವೈಲ್ಡ್‌ಕ್ಯಾಟ್ ಕ್ರೀಕ್ ಎಂಬ ಹಳ್ಳ ಹರಿಯುತ್ತಿತ್ತು. ಆ ಹೆಸರನ್ನೇ ಹಿಡಿದು ತೋಳಿನ ಮೇಲೆ ಕಾಡುಬೆಕ್ಕಿನ ಚಿತ್ರ ಹೊಲಿದುಕೊಂಡಿದ್ದರು. ಮೇಲಿನಿಂದ ಅನುಮತಿ ಇರಲಿಲ್ಲ. ಇದೇನು ಸಮವಸ್ತ್ರದ ಮೇಲೆ ಬೆಕ್ಕು ಎಂದು ಆಕ್ಷೇಪಣೆ ಎದ್ದಿತು. ವಿಷಯ ಯುರೋಪಿನಲ್ಲಿದ್ದ ಅಮೆರಿಕನ್ ಪಡೆಗಳ ದಂಡನಾಯಕ ಜನರಲ್ ಪರ್ಶಿಂಗ್ ತನಕ ಹೋಯಿತು. ಅವರು ಬೆಕ್ಕನ್ನು ಕೀಳಿಸಲಿಲ್ಲ. 1918ರ ಅಕ್ಟೋಬರ್ 19ರಂದು ಒಪ್ಪಿಗೆ ಬಂತು, ಜೊತೆಗೆ ಉಳಿದ ಡಿವಿಷನ್ನುಗಳೂ ತಮ್ಮ ಗುರುತು ಮಾಡಿಕೊಳ್ಳಲಿ ಎಂಬ ಸೂಚನೆಯೂ ಬಂತು. ಅಮೆರಿಕದ ತೋಳಿನ ಪ್ಯಾಚುಗಳ ಮೊದಲ ವಿವಾದವೇ ಅವುಗಳ ಮೊದಲ ಅಧಿಕೃತ ಆದೇಶವೂ ಆಯಿತು.

ಉಳಿದವರು ತಡಮಾಡಲಿಲ್ಲ. 82ನೇ ಡಿವಿಷನ್ನಿನಲ್ಲಿ ಎಲ್ಲ ರಾಜ್ಯಗಳ ಹುಡುಗರಿದ್ದರು, ‘ಆಲ್ ಅಮೆರಿಕನ್’ ಎಂಬ ಹೆಸರಿನ ಎರಡು ‘ಎ’ಗಳೇ ಅದರ ಪ್ಯಾಚಾದವು. 27ನೇ ಡಿವಿಷನ್ನಿನ ಮುಖ್ಯಸ್ಥರ ಹೆಸರು ಓ’ರಯನ್. ಪ್ಯಾಚಿನ ಮೇಲೆ ಒರಾಯನ್, ಅಂದರೆ ನಮ್ಮ ಮೃಗಶಿರಾ ನಕ್ಷತ್ರದ ಸುತ್ತಲಿನ ನಕ್ಷತ್ರಪುಂಜ ಬಂತು. 1921ರಲ್ಲಿ ಒಪ್ಪಿಗೆ ಪಡೆದ 1ನೇ ಅಶ್ವದಳ ಡಿವಿಷನ್ನಿನ ಹಳದಿ ಗುರಾಣಿ ಐದೂಕಾಲು ಇಂಚು ಎತ್ತರದ್ದು, ಪ್ಯಾಚುಗಳಲ್ಲೇ ದೈತ್ಯ. ಕುದುರೆಗಳ ಧೂಳಿನಲ್ಲೂ ದೂರದಿಂದ ಕಾಣಬೇಕಿತ್ತು.

ಹಿಂದಿನ ಪಡೆಯ ಪ್ಯಾಚನ್ನು ಬಲತೋಳಿಗೆ ಹಾಕುವ ಪದ್ಧತಿ ಅಧಿಕೃತವಾದದ್ದು ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ. ಕಾರಣ ಸರಳ. ವರ್ಷಗಟ್ಟಲೆ ಒಂದು ಡಿವಿಷನ್ನಿನಲ್ಲಿ ಹೋರಾಡಿದವರು ಯುದ್ಧ ಮುಗಿಯುತ್ತಲೇ ಬೇರೆ ಬೇರೆ ಪಡೆಗಳಿಗೆ ಹಂಚಿಹೋದರು. ಹಳೆಯ ಗುರುತನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ.

ಯುದ್ಧ ಎಂದರೆ ಯಾವುದು?

ನಿಯಮಾವಳಿ ಇದನ್ನು ವಾದಕ್ಕೆ ಬಿಟ್ಟಿಲ್ಲ, ದಿನಾಂಕ ಹಾಕಿ ಪಟ್ಟಿ ಮಾಡಿದೆ. ಪಟ್ಟಿಯಲ್ಲಿ ಇಲ್ಲದ ಕಾರ್ಯಾಚರಣೆಗೆ ಪ್ಯಾಚ್ ಇಲ್ಲ, ಅಲ್ಲಿ ಎಷ್ಟೇ ಗುಂಡು ಹಾರಿದ್ದರೂ. ಹಳೆಯ ನಿಯಮಾವಳಿಯ ಪ್ರಕಾರ ಪಟ್ಟಿಗೆ ಸೇರಲು ಬೇಕಾದದ್ದು ಇಷ್ಟು: ಆ ಪ್ರದೇಶವನ್ನು ಅಧಿಕೃತವಾಗಿ ಪ್ರತಿಕೂಲ ಎಂದು ಘೋಷಿಸಿರಬೇಕು, ಅಲ್ಲಿದ್ದ ಪಡೆ ನೆಲದ ಯುದ್ಧದಲ್ಲಿ ಭಾಗವಹಿಸಿರಬೇಕು ಅಥವಾ ಅದಕ್ಕೆ ಬೆಂಬಲ ಕೊಟ್ಟಿರಬೇಕು ಮತ್ತು ಶತ್ರುವಿನ ದಾಳಿಯ ಅಪಾಯಕ್ಕೆ ಒಡ್ಡಿಕೊಂಡಿರಬೇಕು, ಕಾರ್ಯಾಚರಣೆ ಸಾಮಾನ್ಯವಾಗಿ 30 ದಿನ ಅಥವಾ ಹೆಚ್ಚು ನಡೆದಿರಬೇಕು, ಕೊನೆಗೆ ಭೂಸೇನಾ ಮುಖ್ಯಸ್ಥರ ಒಪ್ಪಿಗೆ ಇರಬೇಕು.

ಈ 30 ದಿನದ ಷರತ್ತಿನಷ್ಟು ತಪ್ಪಾಗಿ ಓದಿಸಿಕೊಂಡ ಸಾಲು ಆ ಪುಸ್ತಕದಲ್ಲಿ ಇನ್ನೊಂದಿರಲಾರದು. ‘ನೀನು 29 ದಿನ ಇದ್ದೆ, ನಿನಗೆ ಪ್ಯಾಚ್ ಇಲ್ಲ’ ಎಂದು ಹವಾಲ್ದಾರರು ಹುಡುಗರಿಗೆ ಹೇಳುತ್ತ ಬಂದಿದ್ದಾರೆ. ಆದರೆ ಅಲ್ಲಿ ಅಳೆಯುತ್ತಿರುವುದು ಕಾರ್ಯಾಚರಣೆಯ ಉದ್ದವನ್ನೇ ಹೊರತು ಒಬ್ಬೊಬ್ಬ ಸೈನಿಕ ಕಳೆದ ದಿನಗಳನ್ನಲ್ಲ. ಅದಕ್ಕೂ ವಿನಾಯಿತಿ ಇದೆ. ಕೆರಿಬಿಯನ್ ದ್ವೀಪ ಗ್ರೆನಡಾದ ಕಾರ್ಯಾಚರಣೆಗೆ ಪಟ್ಟಿ ಕೊಡುವ ಅವಧಿ 1983ರ ಅಕ್ಟೋಬರ್ 24ರಿಂದ ನವೆಂಬರ್ 21ರವರೆಗೆ. ಎಣಿಸಿ ನೋಡಿ, ಎರಡೂ ಕೊನೆಯ ದಿನ ಸೇರಿಸಿದರೂ 29 ದಿನ. ಆದರೂ ಗ್ರೆನಡಾಕ್ಕೆ ಪ್ಯಾಚ್ ಇದೆ.

ಪಟ್ಟಿಯ ಇತರ ದಿನಾಂಕಗಳೂ ಹೀಗೆ ಕುತೂಹಲದವು. ಕೊರಿಯಾ ಯುದ್ಧದ ಕದನವಿರಾಮ 1953ರ ಜುಲೈ 27ರಂದು. ಪ್ಯಾಚಿನ ಅವಧಿ 1950ರ ಜೂನ್ 27ರಿಂದ 1954ರ ಜುಲೈ 27ರವರೆಗೆ. ಒಂದು ಇಡೀ ವರ್ಷ ಹೆಚ್ಚು. ವಿಯೆಟ್ನಾಮಿಗೆ 1958ರ ಜುಲೈ 1ರಿಂದ 1973ರ ಮಾರ್ಚ್ 28. ಪನಾಮಾಕ್ಕೆ 1989ರ ಡಿಸೆಂಬರ್ 20ರಿಂದ 1990ರ ಜನವರಿ 31. ಕೊಲ್ಲಿ ಯುದ್ಧಕ್ಕೆ 1991ರ ಜನವರಿ 17ರಿಂದ, ಅಂದರೆ ವಾಯುದಾಳಿ ಆರಂಭವಾದ ದಿನದಿಂದ. 1990ರ ಆಗಸ್ಟಿನಿಂದ ಸೌದಿ ಮರಳುಗಾಡಿನಲ್ಲಿ ಬೆವರು ಸುರಿಸಿ ಜನವರಿ 17ಕ್ಕೆ ಮೊದಲೇ ವಾಪಸಾದವನು ಈ ಲೆಕ್ಕದಲ್ಲಿ ಹೊರಗೆ. ಆ ಅವಧಿ 1993ರ ಆಗಸ್ಟ್ 31ರವರೆಗೆ ಇರುವುದರಿಂದ ಯುದ್ಧ ಮುಗಿದು ಎರಡು ವರ್ಷವಾದ ಮೇಲೆ ಅಲ್ಲಿಗೆ ಹೋದವನು ಒಳಗೆ. ನ್ಯಾಯವೇ ಎಂದು ಕೇಳಿದರೆ ಅಲ್ಲ. ಆದರೆ ಗೆರೆ ಎಲ್ಲೋ ಒಂದು ಕಡೆ ಎಳೆಯಲೇಬೇಕು, ಎಳೆದ ಕಡೆ ಒಬ್ಬ ನೊಂದುಕೊಳ್ಳುತ್ತಾನೆ.

ಅತಿ ಚಿಕ್ಕ ನಮೂದು ಒಂದೇ ದಿನದ್ದು: 1984ರ ನವೆಂಬರ್ 23. ಅಂದು ಕೊರಿಯಾದ ಪನ್‌ಮುನ್‌ಜೊಮ್ ಗಡಿಯಲ್ಲಿ ಸೋವಿಯತ್ ಪ್ರಜೆಯೊಬ್ಬ ಗೆರೆ ದಾಟಿ ದಕ್ಷಿಣಕ್ಕೆ ಓಡಿಬಂದ, ಬೆನ್ನಟ್ಟಿ ಬಂದ ಉತ್ತರ ಕೊರಿಯಾದ ಕಾವಲುಗಾರರ ಜೊತೆ ಗುಂಡಿನ ಕಾಳಗ ನಡೆಯಿತು. ಆ ಕಾಳಗದಲ್ಲಿ ನೇರವಾಗಿ ಪಾಲ್ಗೊಂಡವರಿಗೆ ಮಾತ್ರ ಪ್ಯಾಚ್. ಅದೇ ಕೊರಿಯಾದಲ್ಲಿ 1968ರ ಏಪ್ರಿಲ್ 1ರಿಂದ 1973ರ ಆಗಸ್ಟ್ 31ರವರೆಗಿನ ಅವಧಿಗೆ ಬೇರೊಂದು ಜರಡಿ: ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕವೋ ಕಾಂಬ್ಯಾಟ್ ಇನ್‌ಫ್ಯಾಂಟ್ರಿಮನ್ ಬ್ಯಾಡ್ಜೋ ಕಾಂಬ್ಯಾಟ್ ಮೆಡಿಕಲ್ ಬ್ಯಾಡ್ಜೋ ಸಿಕ್ಕಿರಬೇಕು, ಇಲ್ಲವೇ ಕನಿಷ್ಠ ಒಂದು ತಿಂಗಳ ಹಾಸ್ಟೈಲ್ ಫೈರ್ ಭತ್ಯೆ, ಅಂದರೆ ಶತ್ರುವಿನ ಗುಂಡಿನ ಅಪಾಯಕ್ಕೆ ಕೊಡುವ ಹೆಚ್ಚುವರಿ ಸಂಬಳ, ಪಡೆದಿರಬೇಕು.

2001ರ ಸೆಪ್ಟೆಂಬರ್ 19ರಿಂದ ಶುರುವಾಗುವ ಅಫ್ಘಾನಿಸ್ತಾನದ ನಮೂದು, 2003ರ ಮಾರ್ಚ್ 19ರಿಂದ ಶುರುವಾಗುವ ಇರಾಕಿನ ನಮೂದು ಬಂದ ಮೇಲೆ ತಕರಾರಿನ ಸ್ವರೂಪ ಬದಲಾಯಿತು. ಈ ಯುದ್ಧಗಳಿಗೆ ಮುಂಚೂಣಿ ಗೆರೆ ಎಂಬುದಿರಲಿಲ್ಲ. ಸರಂಜಾಮಿನ ಲಾರಿ ಓಡಿಸುವವರು ಕೂಡ ದಾರಿಬದಿಯ ಬಾಂಬಿಗೆ ಸಿಕ್ಕಿ ಸತ್ತರು. ಹಾಗಾಗಿ ಪ್ರದೇಶವನ್ನು ವಿಶಾಲವಾಗಿಯೇ ಗುರುತಿಸಬೇಕಾಯಿತು. ಅದರ ಫಲವಾಗಿ, ಗುಡ್ಡಗಾಡಿನ ಠಾಣೆಯಲ್ಲಿ ದಿನವೂ ಗುಂಡು ಎದುರಿಸಿದವನೂ ಕುವೈತಿನ ಎಸಿ ಕೋಣೆಯಲ್ಲಿ ಕಡತ ನೋಡಿಕೊಂಡವನೂ ಬಲತೋಳಿಗೆ ಒಂದೇ ರೀತಿಯ ಪ್ಯಾಚ್ ಹಚ್ಚುವಂತಾಯಿತು. ಕಾಲಾಳುಗಳ ಗೊಣಗಾಟ ಇವತ್ತಿಗೂ ನಿಂತಿಲ್ಲ.

ಆ ಗೊಣಗಾಟದ ಹಿಂದೆ ಒಂದು ತಪ್ಪು ತಿಳಿವಳಿಕೆ ಇದೆ. ಬಲತೋಳಿನ ಪ್ಯಾಚ್ ಶೌರ್ಯದ ಗುರುತಲ್ಲ, ಗುಂಡು ಹಾರಿಸಿದ್ದಕ್ಕೆ ಸಾಕ್ಷಿಯೂ ಅಲ್ಲ. ಅದಕ್ಕೆಂದು ಬೇರೆಯೇ ಬ್ಯಾಡ್ಜುಗಳಿವೆ. 1943ರಲ್ಲಿ ಬಂದ ಕಾಂಬ್ಯಾಟ್ ಇನ್‌ಫ್ಯಾಂಟ್ರಿಮನ್ ಬ್ಯಾಡ್ಜ್ ಕಾಲಾಳುಗಳಿಗೂ ಸ್ಪೆಷಲ್ ಫೋರ್ಸಸ್‌ನವರಿಗೂ. 2005ರಲ್ಲಿ ಬಂದ ಕಾಂಬ್ಯಾಟ್ ಆ್ಯಕ್ಷನ್ ಬ್ಯಾಡ್ಜ್ ಉಳಿದ ಶಾಖೆಯವರಿಗೆ. ಅವೆರಡೂ ವ್ಯಕ್ತಿಗೆ ಸಂಬಂಧಿಸಿದವು, ಅವನು ಸ್ವತಃ ಶತ್ರುವಿನೊಂದಿಗೆ ಮುಖಾಮುಖಿಯಾದ ದಾಖಲೆ ಬೇಕು. ಪ್ಯಾಚ್ ಸಂಬಂಧಿಸಿರುವುದು ಪಡೆಗೆ. ಆ ಪಡೆ ಆ ಹೊತ್ತಿಗೆ ಆ ಜಾಗದಲ್ಲಿತ್ತು, ಇವನು ಅದರಲ್ಲಿದ್ದ. ಅದು ಹೇಳುವುದು ಅಷ್ಟೇ.

ಯಾರ ಜೊತೆಗೆ?

ಎರಡನೇ ಪ್ರಶ್ನೆ ಇನ್ನೂ ತೊಡಕಿನದು. ಹಿಂದೆ ಇಡೀ ಡಿವಿಷನ್ ಒಟ್ಟಾಗಿ ಹೋಗಿ ಒಟ್ಟಾಗಿ ಬರುತ್ತಿತ್ತು, ಪ್ಯಾಚ್ ಯಾವುದು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಇರಾಕ್ ಯುದ್ಧದ ಹೊತ್ತಿಗೆ ಭೂಸೇನೆ ಬ್ರಿಗೇಡುಗಳನ್ನೇ ಬಿಡಿಬಿಡಿಯಾಗಿ ಕಳಿಸಲು ಆರಂಭಿಸಿತ್ತು. ಒಂದು ಡಿವಿಷನ್ನಿನ ಬ್ರಿಗೇಡ್ ಇನ್ನೊಂದರ ಮುಖ್ಯಾಲಯದ ಕೆಳಗೆ, ರಾಜ್ಯಗಳ ಅರೆಕಾಲಿಕ ಸೇನೆಯಾದ ನ್ಯಾಷನಲ್ ಗಾರ್ಡಿನ ಒಂದು ಕಂಪನಿ ಮೂರನೆಯದರ ಕೆಳಗೆ, ಒಬ್ಬಂಟಿಯಾಗಿ ಬಂದ ಭಾಷಾಂತರಕಾರ ನಾಲ್ಕನೆಯದರ ಕೆಳಗೆ. ಬರುವಾಗ ಕೆಲವರು ಊರಿನ ಪಡೆಯ ಪ್ಯಾಚ್ ಹಾಕಿಕೊಂಡರು, ಕೆಲವರು ಹೆಸರುವಾಸಿ ಡಿವಿಷನ್ನಿನದನ್ನು. 101ನೆಯದರ ಗರುಡವೋ 1ನೇ ಅಶ್ವದಳದ ಕುದುರೆಯೋ ಸಿಗುವಂತಿದ್ದರೆ ಯಾರೂ ಕೇಳದ ಸಾಗಣೆ ಕಮಾಂಡಿನ ಪ್ಯಾಚ್ ಯಾರಿಗೆ ಬೇಕು?

2007ರ ಮಾರ್ಚಿನಲ್ಲಿ ಭೂಸೇನೆಯ ಎಲ್ಲ ಘಟಕಗಳಿಗೆ ಹೋದ 055/2007 ಎಂಬ ಸಂದೇಶ ಇದನ್ನು ಹದ್ದುಬಸ್ತಿಗೆ ತರಲು ನೋಡಿತು. ಅದರ ತಿರುಳು: ಯುದ್ಧಭೂಮಿಗೆ ಜೊತೆಯಾಗಿ ಹೋದ ಪಡೆಗಳ ಸರಣಿಯಲ್ಲಿ, ಸ್ವಂತ ಎಸ್‌ಎಸ್‌ಐ ಇರುವ ಅತ್ಯಂತ ಕೆಳಗಿನ ಹಂತ ಯಾವುದೋ ಅದರ ಪ್ಯಾಚ್. ಕಂಪನಿಗಿಂತ ಚಿಕ್ಕ ತಂಡವಾಗಿಯೋ ಒಬ್ಬಂಟಿಯಾಗಿಯೋ ಹೋದವರು ಅಲ್ಲಿ ಯಾವ ಪಡೆಗೆ ಜೋಡಿಸಲ್ಪಟ್ಟರೋ ಅದರದ್ದು.

ಉದಾಹರಣೆಗೆ 10ನೇ ಮೌಂಟನ್ ಡಿವಿಷನ್ನಿನ ಒಂದು ಬ್ರಿಗೇಡ್ ಇರಾಕಿಗೆ ಹೋಗಿ 101ನೇ ಏರ್‌ಬೋರ್ನ್ ಡಿವಿಷನ್ನಿನ ಮುಖ್ಯಾಲಯದ ಕೆಳಗೆ ಕೆಲಸ ಮಾಡಿತು ಎಂದುಕೊಳ್ಳೋಣ. ಅದರ ಸಿಪಾಯಿಯ ಪ್ಯಾಚ್ ಹುಡುಕಲು ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ಅವನ ಕಂಪನಿಗೆ ಎಸ್‌ಎಸ್‌ಐ ಇಲ್ಲ. ಬೆಟಾಲಿಯನ್ನಿಗೆ ಇಲ್ಲ. ಬ್ರಿಗೇಡಿನವರು ಧರಿಸುವುದು 10ನೇ ಮೌಂಟನ್ನಿನ ಪ್ಯಾಚ್. ಸಿಕ್ಕಿತು, ಅಲ್ಲಿಗೇ ನಿಲ್ಲಬೇಕು. ಮೇಲೆ 101 ಇದೆ ಎಂದು ಗರುಡಕ್ಕೆ ಕೈಚಾಚುವಂತಿಲ್ಲ. ಅದೇ ಹೊತ್ತಿಗೆ ಬೇರೆಲ್ಲಿಂದಲೋ ಒಬ್ಬನೇ ಬಂದು 101ರ ಮುಖ್ಯಾಲಯದಲ್ಲೇ ಕುಳಿತವನಿಗೆ ಗರುಡ ಸಲ್ಲುತ್ತದೆ. ಇಬ್ಬರೂ ಒಂದೇ ಶಿಬಿರದಲ್ಲಿ ಮಲಗಿದವರು, ತೋಳು ಬೇರೆ.

ತಪ್ಪುವುದು ಎಲ್ಲಿ ಎಂದರೆ ಕಾಗದದಲ್ಲಿ. ‘ನಾವು ಇಡೀ ವರ್ಷ ಅವರ ಜೊತೆಗೇ ಓಡಾಡಿದೆವು’ ಎಂಬುದು ನಿಜವಿರಬಹುದು. ಆದರೆ ಜೋಡಣೆಯ ಆದೇಶದಲ್ಲಿ ಇನ್ನೊಂದು ಪಡೆಯ ಹೆಸರಿದ್ದರೆ ಅದೇ ಲೆಕ್ಕಕ್ಕೆ. ನಿಯೋಜನೆಯ ಅವಧಿಯಲ್ಲಿ ಸಮಾರಂಭ ಮಾಡಿ ಪ್ಯಾಚ್ ಹಚ್ಚಿ ಪ್ರಮಾಣಪತ್ರ ಕೊಡುವ ಪರಿಪಾಠ ಇದೆ. ಪ್ರಮಾಣಪತ್ರ ಚೆಂದದ ನೆನಪಿನ ಕಾಣಿಕೆ, ಹಕ್ಕಿನ ಆಧಾರವಲ್ಲ. ಆಧಾರ ಮೂರು: ನಿಯೋಜನೆಯ ಆದೇಶ, ಅದರಲ್ಲಿರುವ ಪಡೆಯ ಹೆಸರು, ಹೋದ ಬಂದ ದಿನಾಂಕ. ಇವುಗಳ ನಕಲು ಇಟ್ಟುಕೊಳ್ಳದವರು ಹತ್ತು ವರ್ಷದ ನಂತರ ಹೊಸ ಪಡೆಯ ಸಾರ್ಜೆಂಟ್ ಮೇಜರ್ ‘ಎಲ್ಲಿಯದು ಇದು?’ ಎಂದಾಗ ತಡವರಿಸುತ್ತಾರೆ.

ಟ್ಯಾಬುಗಳ ಗೊಂದಲ

ಪ್ಯಾಚಿನ ನೆತ್ತಿಯ ಮೇಲೆ ಕೂರುವ ಪಟ್ಟಿಗಳಲ್ಲಿ ಎರಡು ಕುಲ. ಒಂದು ಪಡೆಗೆ ಸೇರಿದ್ದು, ಇನ್ನೊಂದು ವ್ಯಕ್ತಿಗೆ ಸೇರಿದ್ದು. ‘ಏರ್‌ಬೋರ್ನ್’, ‘ಮೌಂಟನ್’ ಇವು ಪ್ಯಾಚಿನದೇ ಅಂಗ, ನಡುವೆ ಅಂತರವಿಲ್ಲದೆ ಕೂರುತ್ತವೆ. ಪ್ಯಾಚ್ ಬಲತೋಳಿಗೆ ಹೋದರೆ ಇವೂ ಜೊತೆಗೆ ಹೋಗುತ್ತವೆ. ‘ರೇಂಜರ್’ ಟ್ಯಾಬ್ ರೇಂಜರ್ ಶಾಲೆ ಎಂಬ ಕಠಿಣ ತರಬೇತಿ ಮುಗಿಸಿದವನ ಸ್ವಂತ ಗಳಿಕೆ. ಅವನು ಯಾವ ಪಡೆಗೆ ಹೋದರೂ ಅವನ ಜೊತೆಗಿರುತ್ತದೆ, ಎಡತೋಳಿನಲ್ಲಿ ಮಾತ್ರ.

101ನೇ ಡಿವಿಷನ್ ಪ್ಯಾರಾಶೂಟಿನಿಂದ ಹಾರುವುದನ್ನು ಬಿಟ್ಟು ಹೆಲಿಕಾಪ್ಟರ್ ಪಡೆಯಾಗಿ ಮಾರ್ಪಟ್ಟದ್ದು 1968ರಲ್ಲಿ. ‘ಏರ್‌ಬೋರ್ನ್’ ಟ್ಯಾಬ್ ಇವತ್ತಿಗೂ ಗರುಡದ ಮೇಲಿದೆ. 82ನೇ ಡಿವಿಷನ್ನಿನವರು, ಅಂದರೆ ಇವತ್ತಿಗೂ ಹಾರುವವರು, ಇದನ್ನು ಹಿಡಿದು ಛೇಡಿಸುವುದನ್ನು ಬಿಟ್ಟಿಲ್ಲ. ಆದರೆ ಎಸ್‌ಎಸ್‌ಐ ವಿನ್ಯಾಸದ ಕಡತದಲ್ಲಿ ಟ್ಯಾಬ್ ಪ್ಯಾಚಿನ ಭಾಗ, ಆದ್ದರಿಂದ ಒಮ್ಮೆಯೂ ಹಾರದ ಅಡುಗೆಭಟ್ಟನೂ ಅದನ್ನು ಹಾಕಲೇಬೇಕು.

ರೇಂಜರ್ ವಿಷಯದಲ್ಲಿ ಹೊರಗಿನವರಷ್ಟೇ ಅಲ್ಲ, ಒಳಗಿನವರೂ ಗೊಂದಲಕ್ಕೆ ಬೀಳುತ್ತಾರೆ. ಟ್ಯಾಬ್ ಶಾಲೆಯದ್ದು. ಸುರುಳಿಪಟ್ಟಿಯ ಪ್ಯಾಚ್ 75ನೇ ರೆಜಿಮೆಂಟಿನದ್ದು. ಶಾಲೆ ಮುಗಿಸಿ ರೆಜಿಮೆಂಟಿಗೆ ಸೇರದವನಿಗೆ ಟ್ಯಾಬ್ ಇದೆ, ಸುರುಳಿ ಇಲ್ಲ. ಬಲತೋಳಿನಲ್ಲಿ ಸುರುಳಿ ಇದೆ, ಎಡತೋಳಿನಲ್ಲಿ ಟ್ಯಾಬ್ ಇಲ್ಲ ಎಂದಾದರೆ ಅವನು ರೆಜಿಮೆಂಟಿನ ಜೊತೆ ಯುದ್ಧಕ್ಕೆ ಹೋದವನು, ಶಾಲೆ ಮುಗಿಸಿಲ್ಲ. ‘ನಿಜವಾದ ರೇಂಜರ್ ಯಾರು’ ಎಂಬ ವಾಗ್ವಾದಕ್ಕೆ ನಿಯಮಾವಳಿಯಲ್ಲಿ ಉತ್ತರವಿಲ್ಲ.

ಚಿತ್ರವೇ ಜಗಳವಾದಾಗ

ಕೆಲವೊಮ್ಮೆ ಯಾರು ಹಾಕಬೇಕು ಎಂಬುದಲ್ಲ, ಏನಿರಬೇಕು ಎಂಬುದೇ ವಿವಾದ. ನಮಗೆ ಹೆಚ್ಚು ಕುತೂಹಲ ಹುಟ್ಟಿಸುವ ಪ್ರಸಂಗ 45ನೇ ಡಿವಿಷನ್ನಿನದು. ಒಕ್ಲಹೋಮ, ಕೊಲೊರಾಡೊ, ಅರಿಜೋನ, ನ್ಯೂ ಮೆಕ್ಸಿಕೊ ಈ ನಾಲ್ಕು ರಾಜ್ಯಗಳ ನ್ಯಾಷನಲ್ ಗಾರ್ಡ್ ಪಡೆ ಅದು. 1920ರ ದಶಕದಿಂದ ಅದರ ಪ್ಯಾಚ್ ಕೆಂಪು ಚೌಕದ ಮೇಲೆ ಹಳದಿ ಸ್ವಸ್ತಿಕ. ಆ ನೆಲದ ಮೂಲನಿವಾಸಿಗಳಿಗೂ ಸ್ವಸ್ತಿಕ ಮಂಗಳಚಿಹ್ನೆ, ಆ ಗೌರವದಿಂದಲೇ ಆರಿಸಿದ್ದು. ಜರ್ಮನಿಯಲ್ಲಿ ನಾಜಿಗಳು ಅದನ್ನು ತಮ್ಮದಾಗಿಸಿಕೊಂಡ ಮೇಲೆ ಉಳಿಸಿಕೊಳ್ಳುವಂತಿರಲಿಲ್ಲ. 1939ರಲ್ಲಿ ಅದೇ ಕೆಂಪು ಚೌಕದ ಮೇಲೆ ಹಳದಿ ಥಂಡರ್‌ಬರ್ಡ್, ಮೂಲನಿವಾಸಿಗಳ ಪುರಾಣದ ಗುಡುಗಿನ ಹಕ್ಕಿ, ಬಂತು. ಬರೆದವನು ಒಕ್ಲಹೋಮದ ಕಿಯೋವಾ ಕುಲದ ಕಲಾವಿದ ವುಡಿ ಬಿಗ್ ಬೋ. ಬಣ್ಣ, ಚೌಕ, ಮೂಲನಿವಾಸಿಗಳ ನಂಟು ಎಲ್ಲ ಉಳಿದು, ಚಿಹ್ನೆಯೊಂದು ಬದಲಾಯಿತು. ಈ ಪಡೆಯೇ ಮುಂದೆ 1945ರಲ್ಲಿ ದಾಹಾವು ಯಾತನಾ ಶಿಬಿರವನ್ನು ಬಿಡಿಸಿದ ಪಡೆಗಳಲ್ಲಿ ಒಂದಾಯಿತು.

442ನೇ ರೆಜಿಮೆಂಟಲ್ ಕಾಂಬ್ಯಾಟ್ ಟೀಮಿನ ಕತೆ ಇನ್ನೂ ಮೊನಚು. ಜಪಾನಿ ಮೂಲದ ಅಮೆರಿಕನ್ನರ ಈ ಪಡೆಗೆ ಮೊದಲು ಕೊಟ್ಟ ಪ್ಯಾಚಿನಲ್ಲಿ ಹಳದಿ ತೋಳೊಂದು ರಕ್ತ ತೊಟ್ಟಿಕ್ಕುವ ಕತ್ತಿ ಹಿಡಿದಿತ್ತು. ‘ಹಳದಿ’ ಎಂಬುದು ಪೂರ್ವ ಏಷ್ಯಾದವರ ಮೈಬಣ್ಣವನ್ನು ಹೀಯಾಳಿಸುವ ಪದ, ಆ ತೋಳು ಯಾರನ್ನು ಅಣಕಿಸುತ್ತಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸೈನಿಕರು ಒಪ್ಪಲಿಲ್ಲ. ಅವರಲ್ಲೇ ಒಬ್ಬನಾದ ಮಿಚ್ ಮಿಯಾಮೊಟೊ ಮಾಡಿದ ವಿನ್ಯಾಸದಲ್ಲಿ ಕತ್ತಿಯ ಜಾಗಕ್ಕೆ ಸ್ವಾತಂತ್ರ್ಯದೇವಿಯ ಪಂಜು ಬಂತು, ತೋಳು ಬಿಳಿಯಾಯಿತು. ಅದೇ ಉಳಿಯಿತು.

ಈಚೆಗೆ 29ನೇ ಡಿವಿಷನ್ನಿನ ನೀಲಿ–ಬೂದು ಪ್ಯಾಚ್ ಕೂಡ ಪರಿಶೀಲನೆಗೆ ಒಳಗಾಯಿತು. ಅಂತರ್ಯುದ್ಧದ ಎರಡೂ ಕಡೆಯ ಸಮವಸ್ತ್ರದ ಬಣ್ಣ ಅವು. ಬೂದು ಬಣ್ಣ ಗುಲಾಮಗಿರಿಯ ಪರ ನಿಂತವರ ಸ್ಮಾರಕವೇ ಎಂಬ ಪ್ರಶ್ನೆ ಎದ್ದಿತ್ತು. ಪ್ಯಾಚ್ ಉಳಿದುಕೊಂಡಿತು.

ಗುರುತು ಹಚ್ಚುವ ವಸ್ತುವನ್ನು ದಾರಿ ತಪ್ಪಿಸಲೂ ಬಳಸಬಹುದು. 1944ರಲ್ಲಿ ನಾರ್ಮಂಡಿ ದಾಳಿಗೆ ಮುಂಚೆ ಜರ್ಮನ್ನರನ್ನು ಏಮಾರಿಸಲು ಇಲ್ಲದ ಅಮೆರಿಕನ್ ಡಿವಿಷನ್ನುಗಳನ್ನು ಕಾಗದದ ಮೇಲೆ ಸೃಷ್ಟಿಸಲಾಯಿತು. ಅವುಗಳಿಗೂ ಪ್ಯಾಚುಗಳನ್ನು ವಿನ್ಯಾಸ ಮಾಡಿಸಲಾಯಿತು. ಆ ‘ಭೂತ ಪಡೆ’ಗಳ ಪ್ಯಾಚುಗಳಿಗೆ ಸಂಗ್ರಾಹಕರ ನಡುವೆ ಒಳ್ಳೆಯ ಬೇಡಿಕೆ.

ನಮ್ಮಲ್ಲಿ ಹೇಗೆ

ಭಾರತೀಯ ಭೂಸೇನೆಯಲ್ಲೂ ಡಿವಿಷನ್ನುಗಳಿಗೆ ಫಾರ್ಮೇಷನ್ ಚಿಹ್ನೆಗಳಿವೆ: 4ನೇ ಡಿವಿಷನ್ನಿನ ಕೆಂಪು ಹದ್ದು, 17ನೇ ಮೌಂಟನ್ ಡಿವಿಷನ್ನಿನ ಕಪ್ಪು ಬೆಕ್ಕು. ಆದರೆ ಅವು ಆ ಡಿವಿಷನ್ನಿನಲ್ಲಿ ಇರುವಷ್ಟು ದಿನ ಮಾತ್ರ. ಬಲತೋಳಿಗೆ ಸರಿಸಿ ಉಳಿಸಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಯುದ್ಧಸೇವೆ ಪದಕಗಳ ರಿಬ್ಬನ್ನಿನಲ್ಲಿ ಕಾಣಬೇಕು. ಇಲ್ಲಿ ಸೈನಿಕನಿಗೆ ಅಂಟಿಕೊಳ್ಳುವುದು ರೆಜಿಮೆಂಟ್. ಬೆಳಗಾವಿಯ ಕೇಂದ್ರದಲ್ಲಿ ತರಬೇತಾದ ಮರಾಠಾ ಲೈಟ್ ಇನ್‌ಫ್ಯಾಂಟ್ರಿಯವನು ಸಿಯಾಚಿನ್‌ಗೆ ಹೋದರೂ ಹೆಗಲ ಮೇಲಿನ ರೆಜಿಮೆಂಟಿನ ಹೆಸರು ಬದಲಾಗುವುದಿಲ್ಲ. ಹಾಗಾಗಿ ನಮ್ಮ ತಕರಾರೂ ಬೇರೆ: ಎತ್ತರದ ಹುದ್ದೆಗೇರಿದ ಅಧಿಕಾರಿ ತನ್ನ ರೆಜಿಮೆಂಟಿನ ಗುರುತು ಹೊತ್ತುಕೊಂಡೇ ಎಲ್ಲ ರೆಜಿಮೆಂಟುಗಳ ಮೇಲೆ ತೀರ್ಮಾನ ಕೊಡಬಹುದೇ? 2023ರ ಆಗಸ್ಟ್ 1ರಿಂದ ಬ್ರಿಗೇಡಿಯರ್ ಮತ್ತು ಮೇಲಿನವರಿಗೆ ಟೋಪಿ, ಹೆಗಲಿನ ದರ್ಜೆಯ ಬಿಲ್ಲೆ, ಕಾಲರ್ ಪಟ್ಟಿ, ಬೆಲ್ಟು, ಬೂಟು ಎಲ್ಲ ಒಂದೇ ಬಗೆಯವು. ರೆಜಿಮೆಂಟಿನ ಬಣ್ಣದ ಲ್ಯಾನ್ಯಾರ್ಡ್ ಹುರಿಯೂ ಇಲ್ಲ. ಕರ್ನಲ್ ಮತ್ತು ಕೆಳಗಿನವರಿಗೆ ಏನೂ ಬದಲಾಗಲಿಲ್ಲ.

ನಕಲಿ, ಅಸಲಿ, ಕಾನೂನು

ಅಮೆರಿಕದ ಪ್ಯಾಚುಗಳ ವಿನ್ಯಾಸ ನೋಡಿಕೊಳ್ಳುವುದು ವರ್ಜೀನಿಯಾದ ಫೋರ್ಟ್ ಬೆಲ್ವಾರ್‌ನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಹೆರಾಲ್ಡ್ರಿ. ಬಣ್ಣದ ಛಾಯೆ, ದಾರ, ಅಳತೆ ಎಲ್ಲ ಅಲ್ಲಿಂದಲೇ. ಅದರ ಪ್ರಮಾಣಪತ್ರ ಪಡೆದ ತಯಾರಕರೇ ಅಧಿಕೃತ ಪ್ಯಾಚ್ ಹೊಲಿಯಬೇಕು. ಸೈನಿಕ ತನ್ನ ದುಡ್ಡಿನಲ್ಲಿ ಅಗ್ಗದ ಪ್ಯಾಚ್ ಕೊಂಡರೆ ಸಾಮಾನ್ಯವಾಗಿ ಕೆಡುವುದು ಎರಡು: ಛಾಯೆ ಸಮವಸ್ತ್ರಕ್ಕೆ ಹೊಂದುವುದಿಲ್ಲ, ಒಗೆದ ಮೇಲೆ ಅಂಚು ಮುದುರುತ್ತದೆ.

ಹಳೆಯ ಪ್ಯಾಚ್ ಕೊಳ್ಳುವವರಿಗೆ ಎರಡು ಸುಲಭ ಪರೀಕ್ಷೆ. ಎರಡನೇ ಮಹಾಯುದ್ಧ ಕಾಲದ ಯಂತ್ರ ಕಸೂತಿಯ ಪ್ಯಾಚುಗಳ ಅಂಚು ಕತ್ತರಿಸಿದಂತೆ ಚಪ್ಪಟೆ. ಹಗ್ಗದಂತೆ ಉಬ್ಬಿದ, ಸುತ್ತಿ ಹೊಲಿದ ದಪ್ಪ ಅಂಚು ವ್ಯಾಪಕವಾದದ್ದು 1960ರ ದಶಕದ ಕೊನೆಯಲ್ಲಿ. ‘1944ರದ್ದು’ ಎಂದು ಮಾರುತ್ತಿರುವ ಪ್ಯಾಚಿಗೆ ಅಂಥ ಅಂಚಿದ್ದರೆ ಮಾತು ಅಲ್ಲಿಗೇ ಮುಗಿಸಿ. ಎರಡನೆಯದು ನೇರಳಾತೀತ ದೀಪ: ಹಳೆಯ ಹತ್ತಿ ದಾರ ಮಂಕಾಗಿರುತ್ತದೆ, ಈಚಿನ ಕೃತಕ ದಾರ ಹೊಳೆಯುತ್ತದೆ. ಇದು ಪೂರಾ ನಂಬುವಂಥದ್ದಲ್ಲ. ಹಳೆಯ ಪ್ಯಾಚನ್ನು ಈಗಿನ ಬಟ್ಟೆ ಪುಡಿಯಲ್ಲಿ ಒಗೆದಿದ್ದರೆ ಅದರಲ್ಲಿರುವ ಹೊಳಪುಕಾರಕದಿಂದ ಅಸಲಿಯೂ ಹೊಳೆಯುತ್ತದೆ.

ಇನ್ನು ಹಕ್ಕಿಲ್ಲದೆ ಹಾಕಿಕೊಂಡವರ ಗತಿ. ಸೇವೆಯಲ್ಲಿರುವವನ ಮೇಲೆ ಸೇನಾ ದಂಡಸಂಹಿತೆಯ 106ಎ ವಿಧಿ ಬೀಳುತ್ತದೆ. ಅನಧಿಕೃತ ಲಾಂಛನ, ಬ್ಯಾಡ್ಜು, ರಿಬ್ಬನ್ ಧರಿಸುವುದಕ್ಕೆಂದೇ 2019ರ ಜನವರಿಯಿಂದ ಜಾರಿಗೆ ಬಂದದ್ದು. ನಾಗರಿಕನಾದರೆ ಅನುಮತಿಯಿಲ್ಲದೆ ಸಮವಸ್ತ್ರ ಅಥವಾ ಅದರ ವಿಶಿಷ್ಟ ಭಾಗ ಧರಿಸಿದ್ದಕ್ಕೆ ಆರು ತಿಂಗಳವರೆಗೆ ಸೆರೆಯ ಅವಕಾಶ ಅಮೆರಿಕದ ಕಾನೂನಿನಲ್ಲಿದೆ. ಬಹಳ ಜನ ಹೆಸರಿಸುವ ಸ್ಟೋಲನ್ ವ್ಯಾಲರ್ ಕಾಯಿದೆ ಬೇರೆ. 2005ರ ಮೂಲ ಕಾಯಿದೆಯನ್ನು ಸುಪ್ರೀಂ ಕೋರ್ಟ್ 2012ರಲ್ಲಿ ವಾಕ್‌ಸ್ವಾತಂತ್ರ್ಯದ ಆಧಾರದ ಮೇಲೆ ಹೊಡೆದುಹಾಕಿತು. 2013ರ ಹೊಸ ಕಾಯಿದೆ ಹಣ ಅಥವಾ ಬೇರೆ ಲಾಭಕ್ಕಾಗಿ ನಿರ್ದಿಷ್ಟ ಪದಕ, ಬ್ಯಾಡ್ಜುಗಳ ಸುಳ್ಳು ಹಕ್ಕು ಸಾಧಿಸುವವರಿಗೆ ಮಾತ್ರ ಅನ್ವಯಿಸುತ್ತದೆ. ತೋಳಿನ ಪ್ಯಾಚ್ ಆ ಪಟ್ಟಿಯಲ್ಲಿಲ್ಲ.